ವಿಮಾನದ ಹೊಟ್ಟೆಯ ಬಣ್ಣ

ಮಾದರಿ ವಿಮಾನ ಕಟ್ಟುವವರ ಲೋಕದಲ್ಲಿ 1:72 ಅನ್ನುವುದು ಹಳೆಯ, ಎಲ್ಲರೂ ಒಪ್ಪಿಕೊಂಡ ಅಳತೆ. ಅದರ ಲೆಕ್ಕ ಬಹಳ ಸರಳ. ಆರು ಅಡಿ ಅಂದರೆ 72 ಇಂಚು. ಹಾಗಾಗಿ ಆರು ಅಡಿಯ ಮನುಷ್ಯ ಈ ಲೋಕದಲ್ಲಿ ಸರಿಯಾಗಿ ಒಂದು ಇಂಚು ಎತ್ತರ. ನೌಕಾಪಡೆಯ ಸೀ ಹಾಕ್ ಯುದ್ಧವಿಮಾನದ ರೆಕ್ಕೆಯ ತುದಿಯಿಂದ ತುದಿಗೆ 11.89 ಮೀಟರ್. ಅದನ್ನು 72ರಿಂದ ಭಾಗಿಸಿದರೆ ಹದಿನಾರೂವರೆ ಸೆಂಟಿಮೀಟರ್, ಅಂದರೆ ಒಂದು ಪೆನ್ನಿಗಿಂತ ಸ್ವಲ್ಪ ಉದ್ದ. ಅದು ಹಾರಿ ಬಂದಿಳಿಯುತ್ತಿದ್ದ ಐಎನ್‌ಎಸ್ ವಿಕ್ರಾಂತ್ ಹಡಗು 213 ಮೀಟರ್. ಅದನ್ನೂ ಇದೇ ಅಳತೆಯಲ್ಲಿ ಕಟ್ಟಿದರೆ ಸುಮಾರು ಮೂರು ಮೀಟರ್ ಆಗುತ್ತದೆ. ಪುಟ್ಟೇನಹಳ್ಳಿಯಲ್ಲಿ ನಾನು ಬಾಡಿಗೆಗಿರುವ ಕೋಣೆ ಹತ್ತಡಿಗೆ ಹತ್ತಡಿ. ಹಡಗು ಈ ಗೋಡೆಯಿಂದ ಆ ಗೋಡೆಗೆ ಹಿಡಿಸುತ್ತದೆ, ಆದರೆ ಮಂಚ ಹೊರಗೆ ಹೋಗಬೇಕು. ಆದ್ದರಿಂದ ವಿಮಾನ ಮಾತ್ರ ಕಟ್ಟಿದೆ.

ಸಮುದ್ರದಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಮೂರು ಸಾವಿರ ಅಡಿ ಎತ್ತರದಲ್ಲಿ ಕೂತು ನೌಕಾಪಡೆಯ ವಿಮಾನ ಕಟ್ಟುವುದು ವಿಚಿತ್ರ ಅನ್ನಿಸಬಹುದು. ಆದರೆ ಬೆಂಗಳೂರಿಗೆ ಇದು ಹೊಸದಲ್ಲ. ನನ್ನ ಪಿಎಚ್‌ಡಿ ವಿಷಯವೇ ಎರಡನೇ ಮಹಾಯುದ್ಧದ ಕಾಲದ ಬೆಂಗಳೂರಿನ ವಿಮಾನ ಕಾರ್ಖಾನೆ ಮತ್ತು ಅಲ್ಲಿನ ಕೆಲಸಗಾರರು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು. 1941ರಲ್ಲಿ ಅಲ್ಲಿ ಜೋಡಿಸಿದ ಮೊದಲ ಹಾರ್ಲೋ ವಿಮಾನ ಹಾರಿತು. 1943ರ ಹೊತ್ತಿಗೆ ಕಾರ್ಖಾನೆ ಅಮೆರಿಕದ ಸೇನೆಯ ವಿಮಾನಗಳ ದುರಸ್ತಿ ಕೇಂದ್ರವಾಯಿತು. ಆಗ ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ರಿಪೇರಿಗೆಂದು ಬಂದು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯ ಮೇಲೆ. ಈಗ ನೊರೆಗೆ ಹೆಸರಾದ ಅದೇ ಕೆರೆ.

ಈ ಕ್ಯಾಟಲೀನಾದಿಂದಲೇ ನನ್ನ ಹವ್ಯಾಸ ಶುರುವಾಯಿತು. ವರ್ಷಗಟ್ಟಲೆ ವಿಮಾನದ ಬಗ್ಗೆ ಓದುವವಳಿಗೆ ವಿಮಾನ ಹೇಗೆ ಜೋಡಣೆಯಾಗುತ್ತದೆ ಅನ್ನುವುದು ಕೈಗೂ ಸ್ವಲ್ಪ ಗೊತ್ತಿರಲಿ ಎಂದು ಒಂದು ಕಿಟ್ ತರಿಸಿ ಕಟ್ಟಿದೆ. ಇನ್ನೊಂದು ಕಾರಣವೂ ಇತ್ತು. ಸಂಶೋಧನೆ ಮಾಡುವವರಿಗೆ ಗೊತ್ತು, ಅಧ್ಯಾಯ ಎನ್ನುವುದು ಮುಗಿಯುವುದಿಲ್ಲ, ಗೈಡ್ ಹತ್ತಿರ ಹೋಗಿ ವಾಪಸ್ ಬರುತ್ತದೆ. ರೆಕ್ಕೆ ಹಾಗಲ್ಲ. ರಾತ್ರಿ ಅಂಟಿಸಿದರೆ ಬೆಳಿಗ್ಗೆ ಅಂಟಿಕೊಂಡಿರುತ್ತದೆ.

ಎರಡನೆಯದಾಗಿ ತರಿಸಿದ್ದು ಸೀ ಹಾಕ್. ಕೊರಿಯರ್ ಹುಡುಗ ಬಂದಾಗ ನಾನು ಮನೆಯಲ್ಲಿರಲಿಲ್ಲ, ಕೆಳಗಿನ ಮನೆಯ ಓನರ್ ಅಂಕಲ್ ತೆಗೆದಿಟ್ಟಿದ್ದರು. ಸಂಜೆ ಹೋದಾಗ ಹೊರಗಿನ ಪ್ಯಾಕಿಂಗ್ ಹರಿದು ಡಬ್ಬಿಯ ಮೇಲಿನ ಚಿತ್ರ ಕಾಣುತ್ತಿತ್ತು. ಅವರು ಅದನ್ನು ಟೀಪಾಯಿಯ ಮೇಲೆ ತಮ್ಮ ಕಡೆಗೆ ತಿರುಗಿಸಿಟ್ಟುಕೊಂಡು ಕೂತಿದ್ದರು.

"ಇದು ಸೀ ಹಾಕ್ ಅಲ್ವೇನಮ್ಮಾ? ಬಾಲದ ಕೆಳಗೆ ಹುಕ್ ಇರುತ್ತೆ. ಇದರಲ್ಲಿ ಬರೆದಿಲ್ಲ ನೋಡು."

ಅಂಕಲ್‌ಗೆ ಈಗ ಎಪ್ಪತ್ತೈದು ದಾಟಿದೆ. ನೌಕಾಪಡೆಯಲ್ಲಿದ್ದರು ಎಂದು ಆಂಟಿ ಹೇಳಿದ್ದು ಕೇಳಿದ್ದೆ. ಹಡಗಿನಲ್ಲಿ ಏನೋ ಕೆಲಸ ಇದ್ದಿರಬೇಕು ಅಂದುಕೊಂಡಿದ್ದೆ. ತಿಪಟೂರಿನ ಕಡೆಯ ಹಳ್ಳಿಯಿಂದ ಹೋಗಿ ಹದಿನೆಂಟಕ್ಕೇ ಸೇರಿ, ಕೊಚ್ಚಿಯಲ್ಲಿ ತರಬೇತಿ ಪಡೆದು, ಗೋವಾದ ದಾಬೋಲಿಮ್‌ನ ಐಎನ್‌ಎಸ್ ಹಂಸದಲ್ಲಿ ಸೀ ಹಾಕ್ ವಿಮಾನಗಳ ಮೆಕ್ಯಾನಿಕ್ ಆಗಿದ್ದವರು, 1971ರ ಡಿಸೆಂಬರಿನಲ್ಲಿ ವಿಕ್ರಾಂತ್ ಮೇಲೆ ಇದ್ದವರು ಅನ್ನುವುದು ಅವತ್ತು ಗೊತ್ತಾಯಿತು. ಅದೂ ಅವರು ಹೇಳಿದ್ದಲ್ಲ. "ಹುಕ್ ನಿಮಗೆ ಹೇಗೆ ಗೊತ್ತು?" ಎಂದು ನಾನು ಕೇಳಿದ್ದಕ್ಕೆ ಬಂದ ಉತ್ತರ.

ಸೀ ಹಾಕ್ ಬಗ್ಗೆ ನಾಲ್ಕು ಮಾತು ಹೇಳಬೇಕು. ಇಂಗ್ಲೆಂಡಿನ ಹಾಕರ್ ಕಂಪನಿಯ ವಿನ್ಯಾಸ ಅದು. ಮೊದಲ ಮಾದರಿ ಹಾರಿದ್ದು 1947ರ ಸೆಪ್ಟೆಂಬರಿನಲ್ಲಿ. ಒಂದೇ ಜೆಟ್ ಎಂಜಿನ್ನು, ಆದರೆ ಬಾಲದಲ್ಲಿ ಹೊಗೆಕೊಳವೆ ಇಲ್ಲ. ಎಂಜಿನ್ನಿನ ಬಿಸಿಗಾಳಿ ಎರಡಾಗಿ ಸೀಳಿ ರೆಕ್ಕೆಯ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಹೊರಬರುತ್ತದೆ. ಇದರಿಂದ ಹಿಂಭಾಗದಲ್ಲಿ ಇಂಧನ ತುಂಬಲು ಜಾಗ ಉಳಿಯುತ್ತದೆ. ಮೂಗಿನ ಕೆಳಗೆ 20 ಮಿಲಿಮೀಟರಿನ ನಾಲ್ಕು ಗನ್ನುಗಳು. ಹಡಗಿನಲ್ಲಿ ಜಾಗ ಕಡಿಮೆ ಎಂದು ರೆಕ್ಕೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಭಾರತದ ನೌಕಾಪಡೆಗೆ ಇವು ಬಂದದ್ದು 1960ರಲ್ಲಿ, 300ನೇ ಸ್ಕ್ವಾಡ್ರನ್ ಆಗಿ. 'ಬಿಳಿ ಹುಲಿ' ಅದರ ಗುರುತು. ವಿಕ್ರಾಂತ್ ಸೇವೆಗೆ ಸೇರಿದ್ದು ಮರುವರ್ಷ, 1961ರ ಮಾರ್ಚಿನಲ್ಲಿ.

ಹತ್ತು ವರ್ಷ ಕಳೆದು ಯುದ್ಧ ಬರುವ ಹೊತ್ತಿಗೆ ಹಡಗಿನ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಓದುವಾಗ ಇದು ಒಂದು ಸಾಲಿನ ಮಾಹಿತಿ. ಅಂಕಲ್ ವಿವರಿಸಿದ ಮೇಲೆ ಅದರ ಅರ್ಥ ತಿಳಿಯಿತು. ಹಡಗನ್ನು ಓಡಿಸುವುದೂ ಹಬೆ, ವಿಮಾನವನ್ನು ಕವಣೆಯ ಕಲ್ಲಿನ ಹಾಗೆ ಮುಂದಕ್ಕೆ ಎಸೆಯುವ ಕ್ಯಾಟಪಲ್ಟ್‌ಗೆ ಬೇಕಾದದ್ದೂ ಹಬೆ. ಹಡಗು ಗಾಳಿಗೆ ಎದುರಾಗಿ ಜೋರಾಗಿ ಓಡಿದಷ್ಟೂ ರೆಕ್ಕೆಗೆ ಸಿಗುವ ಗಾಳಿ ಹೆಚ್ಚು, ವಿಮಾನ ಏಳುವುದು ಸುಲಭ. ಹಡಗು ನಿಧಾನವಾದರೆ ಅದೆಲ್ಲ ಇಕ್ಕಟ್ಟು. ಅಂಥ ಹಡಗಿನಿಂದಲೇ 1971ರ ಡಿಸೆಂಬರ್ 4ರಂದು ಸೀ ಹಾಕ್‌ಗಳು ಹೊರಟು ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು, ಅದೇ ದಿನ ಚಿತ್ತಗಾಂಗ್ ಮೇಲೂ. ಸ್ಕ್ವಾಡ್ರನ್ನಿನ ನಾಯಕ ಲೆಫ್ಟಿನೆಂಟ್ ಕಮಾಂಡರ್ ಸಂತೋಷ್ ಕುಮಾರ್ ಗುಪ್ತಾ ಮತ್ತು ಹಡಗಿನ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಇಬ್ಬರಿಗೂ ಮಹಾವೀರ ಚಕ್ರ ಬಂತು. ಇಷ್ಟನ್ನು ಯಾವ ಪುಸ್ತಕದಲ್ಲಾದರೂ ಓದಬಹುದು.

ಕಿಟ್ ಕಟ್ಟುವುದು ಹೀಗೆ. ಡಬ್ಬಿ ತೆಗೆದರೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳಲ್ಲಿ ಭಾಗಗಳು ಕಾಯಿಯ ಹಾಗೆ ಜೋತುಬಿದ್ದಿರುತ್ತವೆ. ಬ್ಲೇಡಿನಿಂದ ಒಂದೊಂದನ್ನೇ ಕತ್ತರಿಸಿ, ಉಳಿದ ಮೊಳೆಯನ್ನು ಉಪ್ಪುಕಾಗದದಲ್ಲಿ ತೀಡಬೇಕು. ಅಂಟಿಸುವ ಮೊದಲು ಅಂಟಿಲ್ಲದೆ ಜೋಡಿಸಿ ನೋಡಬೇಕು. ಇದಕ್ಕೆ ಬಳಸುವ ದ್ರಾವಣ ನಿಜಕ್ಕೂ ಗೋಂದಲ್ಲ. ಅದು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸುತ್ತದೆ. ಎರಡು ಅಂಚೂ ಕರಗಿ, ಒಂದರೊಳಗೊಂದು ಬೆರೆತು ಗಟ್ಟಿಯಾಗುತ್ತವೆ. ಅಲ್ಲಿಯವರೆಗೆ ರಬ್ಬರ್ ಬ್ಯಾಂಡು, ಬಟ್ಟೆ ಕ್ಲಿಪ್ಪು ಹಾಕಿ ಬಿಗಿಹಿಡಿಯಬೇಕು. ಸೀ ಹಾಕ್‌ಗೆ ಮೂಗಿನ ಕೆಳಗೊಂದು ಚಕ್ರ, ರೆಕ್ಕೆಗಳ ಕೆಳಗೆ ಎರಡು. ಒಳಗೆ ಎಂಜಿನ್ನಿಲ್ಲದ ಟೊಳ್ಳು ಮಾದರಿಯ ಮೂಗು ಹಗುರ, ಹಾಗೇ ಬಿಟ್ಟರೆ ಬಾಲದ ಮೇಲೆ ಕೂತುಬಿಡುತ್ತದೆ. ಆದ್ದರಿಂದ ಎರಡು ಹೋಳು ಮುಚ್ಚುವ ಮೊದಲೇ ಮೂಗಿನೊಳಗೆ ಭಾರ ಇಡಬೇಕು. ನನ್ನ ವಿಮಾನದ ಮೂಗಿನಲ್ಲಿ ಇರುವುದು ಅಂಕಲ್ ಕೊಟ್ಟ ಮೂರು ಸಣ್ಣ ನಟ್ಟುಗಳು.

ಅವರು ನಟ್ಟು ತೆಗೆದುಕೊಟ್ಟದ್ದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಿಂದ. ಸ್ಕ್ರೂ, ವಾಷರ್, ಸೈಕಲ್ ವಾಲ್ವಿನ ರಬ್ಬರು, ಇವುಗಳ ನಡುವೆ ಒಂದು ಪದಕ ಇತ್ತು. ಪೂರ್ವಿ ಸ್ಟಾರ್. 1971ರ ಯುದ್ಧದ ಪೂರ್ವ ರಂಗದಲ್ಲಿ ಸೇವೆ ಸಲ್ಲಿಸಿದವರಿಗೆ ಕೊಟ್ಟದ್ದು. "ಎಲ್ಲರಿಗೂ ಕೊಟ್ರು," ಅಂದರು. ಬೇಸರವೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ನಟ್ಟಿನ ಅಳತೆ ಹೇಳಿದ ಹಾಗೆ ಹೇಳಿದರು.

ತೊಡಕು ಬಂದದ್ದು ಬಣ್ಣದಲ್ಲಿ. ಈ ಹವ್ಯಾಸದಲ್ಲಿ ಬಣ್ಣ ಅಂದರೆ ಧರ್ಮಸೂಕ್ಷ್ಮ. ಬ್ರಿಟಿಷ್ ನೌಕಾಪಡೆಯ ಪದ್ಧತಿಯ ಪ್ರಕಾರ ಮೇಲೆ ಕಡು ಸಮುದ್ರಬೂದು, ಕೆಳಗೆ 'ಸ್ಕೈ' ಎಂದು ಕರೆಯುವ, ತುಸು ಹಸಿರು ಬೆರೆತ ತಿಳಿಬಣ್ಣ. ನನ್ನ ಕೈಗೆ ಸಿಕ್ಕ ಆ ಕಾಲದ ಫೋಟೋಗಳೆಲ್ಲ ಕಪ್ಪುಬಿಳುಪು. ಅವುಗಳಲ್ಲಿ ಸಮುದ್ರವೂ ಬೂದು, ಡೆಕ್ಕೂ ಬೂದು, ವಿಮಾನವೂ ಬೂದು. ಅಂಕಲ್‌ನ ಕೇಳಿದೆ, ಮೇಲಿನ ಬಣ್ಣ ಎಷ್ಟು ಕಡು ಇತ್ತು ಎಂದು. ಅವರು ತುಂಬ ಹೊತ್ತು ಯೋಚಿಸಿದರು.

"ಮೇಲಿಂದು ನಂಗೆ ಅಷ್ಟು ನೆನಪಿಲ್ಲಮ್ಮ. ಹೊಟ್ಟೆ ಕೇಳು, ಹೇಳ್ತೀನಿ."

ಹೊಟ್ಟೆಯ ಬಗ್ಗೆ ಅವರಿಗೆ ಎಲ್ಲವೂ ನೆನಪಿತ್ತು. ಗನ್ನುಗಳು ಹಾರಿಸಿದ ಗುಂಡಿನ ಖಾಲಿ ಕೋಶಗಳು ಹೊರಬೀಳುವ ಕಿಂಡಿಗಳು ಎಲ್ಲಿವೆ, ಅವುಗಳ ಹಿಂದೆ ಮಸಿ ಎಷ್ಟು ದೂರ ಬಳಿದಿರುತ್ತದೆ, ಕ್ಯಾಟಪಲ್ಟಿನ ಉಕ್ಕಿನ ಹಗ್ಗ ಸಿಕ್ಕಿಸುವ ಕೊಕ್ಕೆಯ ಸುತ್ತ ಬಣ್ಣ ಹೇಗೆ ಸವೆದು ಲೋಹ ಕಾಣುತ್ತದೆ, ಯಾವ ಮುಚ್ಚಳದ ಸ್ಕ್ರೂ ಯಾವಾಗಲೂ ಹಟ ಮಾಡುತ್ತಿತ್ತು, ಎಲ್ಲಿಂದ ಎಣ್ಣೆ ಜಿನುಗಿ ಹಿಂದಕ್ಕೆ ಗೆರೆ ಎಳೆಯುತ್ತಿತ್ತು. ತಿಳಿಬಣ್ಣದ ಹೊಟ್ಟೆ ಹಾರಾಟದ ದಿನಗಳಲ್ಲಿ ಎಂದೂ ತಿಳಿಯಾಗಿರಲಿಲ್ಲವಂತೆ. ಬಟ್ಟೆಯಲ್ಲಿ ಒರೆಸಿದರೆ ಎಣ್ಣೆ ಹರಡಿ ಇನ್ನೂ ಮಸುಕಾಗುತ್ತಿತ್ತಂತೆ. ಹೇಳುತ್ತಾ ಹೇಳುತ್ತಾ ಅವರ ಬಲಗೈ ತಲೆಯ ಮೇಲಕ್ಕೆ ಹೋಗಿ, ಇಲ್ಲದ ಸ್ಕ್ರೂ ಒಂದನ್ನು ತಿರುಗಿಸುತ್ತಿತ್ತು. ಆ ಕೈ ಈಗ ನಡುಗುತ್ತದೆ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಮೇಲಕ್ಕೆತ್ತಿದಾಗ ಮಾತ್ರ ನಡುಕ ಕಡಿಮೆಯಾದಂತೆ ನನಗೆ ಕಂಡಿತು.

ಆಗ ನನ್ನ ಥೀಸಿಸ್ಸಿನ ಒಂದು ಗಂಟು ನೆನಪಾಯಿತು. ನಾನು ಓದುವ ಕಾಗದಗಳಲ್ಲಿ ಕಾರ್ಖಾನೆ ಶುರುಮಾಡಿದವರ ಹೆಸರಿದೆ, ದಿವಾನರ ಹೆಸರಿದೆ, ಅಮೆರಿಕದಿಂದ ಬಂದ ಎಂಜಿನಿಯರುಗಳ ಹೆಸರಿದೆ, ವಿಮಾನಗಳಿಗೆ ಒಂದೊಂದಕ್ಕೂ ನಂಬರಿದೆ. ವಿಮಾನದ ಕೆಳಗೆ ಮಲಗಿ ಕೆಲಸ ಮಾಡಿದವರು ಮಾತ್ರ ಬರೀ ಒಟ್ಟು ಸಂಖ್ಯೆ. ಕಿಟ್ಟಿನ ಡಬ್ಬಿಯೂ ಹಾಗೇ. ಪೈಲಟ್ ಕೂರಲು ಸೀಟು ಇದೆ, ಸೀಟಿಗೆ ಬೆಲ್ಟ್ ಸಹಿತ ಗೀರಿದ್ದಾರೆ. ಮೆಕ್ಯಾನಿಕ್‌ಗೆ ಜಾಗವಿಲ್ಲ. ಹೆಚ್ಚಿನವರು ಮಾದರಿಯ ಹೊಟ್ಟೆಗೆ ಒಂದು ಕೈ ಬಣ್ಣ ಹೊಡೆದು ಬಿಡುತ್ತಾರೆ, ಶೋಕೇಸಿನಲ್ಲಿ ಇಟ್ಟರೆ ಕಾಣುವುದಿಲ್ಲವಲ್ಲ. ಎರಡು ಕಡೆಯೂ ಇವರು ಬಿಟ್ಟುಹೋದದ್ದು ಯಾರ ಕೆಟ್ಟತನದಿಂದಲೂ ಅಲ್ಲ. ಅವರು ನಿಂತ ಜಾಗದಿಂದ ಹೊಟ್ಟೆ ಕಾಣುವುದಿಲ್ಲ, ಅಷ್ಟೇ.

ಅಲ್ಲಿಂದ ನನ್ನ ಕೆಲಸದ ಕ್ರಮ ಬದಲಾಯಿತು. ಮೇಲ್ಭಾಗಕ್ಕೆ ಎರಡು ಸಂಜೆ ಸಾಕಾದವು. ಹೊಟ್ಟೆಗೆ ಮೂರು ವಾರ ಹಿಡಿಯಿತು. ತಿಳಿಬಣ್ಣದ ಮೇಲೆ ಬಹಳ ತೆಳುವಾಗಿಸಿದ ಕಂದು ಬಣ್ಣವನ್ನು ಕುಂಚದ ತುದಿಯಲ್ಲಿ ಒಂದು ಚುಕ್ಕೆ ಇಟ್ಟು, ಒಣಗುವ ಮೊದಲು ಹಿಂದಕ್ಕೆ ಎಳೆಯುವುದು. ಪೆನ್ಸಿಲ್ಲಿನ ಪುಡಿಯನ್ನು ಹತ್ತಿಯ ಕಡ್ಡಿಯಿಂದ ಒತ್ತಿ ಮಸಿ ಮಾಡುವುದು. ಕೊಕ್ಕೆಯ ಸುತ್ತ ಬೆಳ್ಳಿಬಣ್ಣವನ್ನು ಸೂಜಿಯಲ್ಲಿ ಮುಟ್ಟಿಸುವುದು. ಪ್ರತಿ ಸಂಜೆ ಕೆಳಗೆ ಒಯ್ಯುತ್ತಿದ್ದೆ. ಅಂಕಲ್ ಭೂತಗನ್ನಡಿ ಹಿಡಿದು ನೋಡಿ, "ಇಲ್ಲಿ ಜಾಸ್ತಿಯಾಯ್ತು, ಅಲ್ಲಿ ಸಾಲದು," ಅನ್ನುತ್ತಿದ್ದರು. ಆಂಟಿ ಟಿವಿಯ ಸದ್ದು ಕಡಿಮೆ ಮಾಡಿ, "ಐವತ್ತು ವರ್ಷದಿಂದ ನನ್ನ ಹತ್ರ ಇಷ್ಟು ಮಾತಾಡಿಲ್ಲ ನೋಡು," ಎಂದು ಒಂದು ದಿನ ಅಂದರು. ತಮಾಷೆಯಾಗೇ ಅಂದದ್ದು, ಆದರೆ ಅಂಕಲ್ ನಗಲಿಲ್ಲ.

ರೆಕ್ಕೆ ಮಡಚಿಡಬೇಕೋ ಬಿಚ್ಚಿಡಬೇಕೋ ಎಂದು ಕೇಳಿದಾಗ, "ಮಡಚಿಡು," ಅಂದರು. ಡೆಕ್ಕಿನ ಕೆಳಗಿನ ಹ್ಯಾಂಗರಿನಲ್ಲಿ ಅವರು ವಿಮಾನವನ್ನು ಹೆಚ್ಚು ನೋಡಿದ್ದು ಹಾಗೆ. ಉಳಿದದ್ದು ಬಾಂಬು ಮತ್ತು ರಾಕೆಟ್ಟಿನ ಪ್ರಶ್ನೆ. ಡಬ್ಬಿಯಲ್ಲಿ ಎರಡೂ ಇದ್ದವು. ಚಿತ್ತಗಾಂಗಿಗೆ ಹೊರಟಾಗ ರೆಕ್ಕೆಯ ಕೆಳಗೆ ಏನೇನು ಇತ್ತು ಎಂದು ಕೇಳಿದೆ. ಸಂಶೋಧಕಿಯ ಚಾಳಿ, ದಿನಾಂಕ ಹಿಡಿದು ಕೇಳಿದೆ.

ಅವರು ಭೂತಗನ್ನಡಿ ಕೆಳಗಿಟ್ಟರು. "ಒಂದೊಂದು ಸಲ ಒಂದೊಂದು. ನಮಗೆ ಲೆಕ್ಕ ಅಂದ್ರೆ, ತುಂಬಿ ಕಳಿಸ್ತಿದ್ವಿ. ಖಾಲಿಯಾಗಿ ಬರ್ತಿತ್ತು. ಮತ್ತೆ ತುಂಬಿಸ್ತಿದ್ವಿ."

ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು. "ನೀನು ಚರಿತ್ರೆ ಓದೋಳು. ಹೇಳು. ಅಲ್ಲಿ ಕೆಳಗೆ ಜನ ಇದ್ರಾ?"

ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬಿಸ್ಕತ್ತಿನ ಡಬ್ಬಿಯಲ್ಲಿ ಸ್ಕ್ರೂಗಳ ಜೊತೆ ಇದ್ದ ಪ್ರಶ್ನೆ ಇದು ಎಂದು ನನಗೆ ಅನ್ನಿಸಿತು. ಸುಲಭದ ಉತ್ತರ ನನ್ನ ಹತ್ತಿರ ಇತ್ತು. ದಾಳಿಯ ಗುರಿ ವಿಮಾನ ನಿಲ್ದಾಣ, ಬಂದರು, ಹಡಗುಗಳು. ಪಾಕಿಸ್ತಾನದ ಸೇನೆಗೆ ಸಮುದ್ರದ ದಾರಿ ಮುಚ್ಚುವುದು ಉದ್ದೇಶ. ಅದು ಮುಚ್ಚಿತು. ಡಿಸೆಂಬರ್ 16ರಂದು ಢಾಕಾದಲ್ಲಿ ಆ ಸೇನೆ ಶರಣಾಯಿತು, ಬಾಂಗ್ಲಾದೇಶ ಬಿಡುಗಡೆಯಾಯಿತು. ಆ ಒಂಬತ್ತು ತಿಂಗಳಲ್ಲಿ ಅಲ್ಲಿನ ಜನ ಅನುಭವಿಸಿದ್ದನ್ನು ಓದಿದ ಯಾರೂ ಆ ಯುದ್ಧ ಬೇಡವಾಗಿತ್ತು ಎಂದು ಹಗುರವಾಗಿ ಹೇಳಲಾರರು. ಇದೆಲ್ಲ ನಿಜ. ಆದರೆ ಅವರು ಕೇಳಿದ್ದು ಅದಲ್ಲ.

"ಬಂದರು ಅಂದ ಮೇಲೆ ಜನ ಇರ್ತಾರಲ್ಲ ಅಂಕಲ್," ಅಂದೆ. "ಹಡಗಿಗೆ ಮೂಟೆ ಹೊರೋರು, ಕ್ರೇನು ನಡೆಸೋರು, ಕಾವಲಿನವರು."

"ಮೆಕ್ಯಾನಿಕ್ಕುಗಳು," ಅಂದರು ಅವರು.

"ಹೌದು."

ತಲೆಯಾಡಿಸಿದರು. ಉತ್ತರದಿಂದ ಅವರಿಗೆ ನೋವಾಯಿತು ಎಂದು ನನಗೆ ಅನ್ನಿಸಲಿಲ್ಲ. ಒಂದು ನಟ್ಟು ಕೊನೆಗೂ ಕೂರಬೇಕಾದ ಕಡೆ ಕೂತಾಗ ಕಾಣುವ ಮುಖ ಅದು. "ಗೊತ್ತಿತ್ತು," ಅಂದರು. "ಆದ್ರೆ ಯಾರೂ ಹೇಳಿರಲಿಲ್ಲ." ಮಗ ಕೇಳಿರಲಿಲ್ಲ. ಊರಿನ ಶಾಲೆಯಲ್ಲಿ ಒಮ್ಮೆ ಸನ್ಮಾನ ಮಾಡಿ ಶಾಲು ಹೊದಿಸಿದಾಗ ಭಾಷಣ ಮಾಡಿದವರು ಶತ್ರು ಅನ್ನುವ ಒಂದೇ ಪದದಲ್ಲಿ ಮುಗಿಸಿದ್ದರಂತೆ. ಇವರಿಗೆ ಮಾತಾಡಲು ಮೈಕು ಕೊಡಲಿಲ್ಲವಂತೆ.

ಬಾಂಬು, ರಾಕೆಟ್ಟುಗಳನ್ನು ನಾನು ಚೌಕಟ್ಟಿನಿಂದ ಕತ್ತರಿಸಲೇ ಇಲ್ಲ. ಅವು ಡಬ್ಬಿಯಲ್ಲೇ ಇವೆ. ನನ್ನ ಸೀ ಹಾಕ್ ವಾಪಸ್ ಬಂದ ವಿಮಾನ. ಗನ್ನಿನ ಬಾಯಿಯಲ್ಲಿ ಮಸಿ ಇದೆ, ಕಿಂಡಿಗಳ ಹಿಂದೆ ಮಸಿ ಇದೆ, ರೆಕ್ಕೆಯ ಕೆಳಗೆ ಏನೂ ಇಲ್ಲ. ಡಬ್ಬಿಯಲ್ಲಿ ಭಾರತದ ಗುರುತುಗಳ ಹಾಳೆ ಇರಲಿಲ್ಲ, ಆದ್ದರಿಂದ ಕೇಸರಿ, ಬಿಳಿ, ಹಸಿರು ವೃತ್ತಗಳನ್ನು ಕೈವಾರದಲ್ಲಿ ಗೀರಿ, ಟೇಪು ಕತ್ತರಿಸಿ, ಕೈಯಲ್ಲೇ ಹಾಕಿದೆ.

ಮುಗಿಯುವ ಹೊತ್ತಿಗೆ ಗೋವಾಕ್ಕೆ ಹೋಗಿಬಂದೆ. ದಾಬೋಲಿಮ್ ವಿಮಾನ ನಿಲ್ದಾಣದ ಹತ್ತಿರ ಬೋಗ್ಮಲೋ ರಸ್ತೆಯಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ, ಅಲ್ಲಿ ನಿಜವಾದ ಸೀ ಹಾಕ್ ನಿಲ್ಲಿಸಿದ್ದಾರೆ. ಅಂಕಲ್ ಬರಲಿಲ್ಲ, ರಾತ್ರಿ ಬಸ್ಸಿನಲ್ಲಿ ಬೆನ್ನು ಕೇಳುವುದಿಲ್ಲ ಅಂದರು. ನಾನು ವಿಮಾನದ ಪಕ್ಕ ನಿಂತು, ಕುಕ್ಕರುಗಾಲಲ್ಲಿ ಕೂತು ಬಗ್ಗಿ, ಮೊಬೈಲಿನಲ್ಲಿ ಹೊಟ್ಟೆಯದ್ದೇ ಫೋಟೋ ತೆಗೆದೆ. ಪಕ್ಕದಲ್ಲಿ ಶಾಲೆಯ ಮಕ್ಕಳು ಮೂಗಿನ ಹತ್ತಿರ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಕೆಳಗೆ ಬಗ್ಗಿದವಳನ್ನು ನೋಡಿ ಒಬ್ಬ ಹುಡುಗ, ಏನಾದರೂ ಬಿದ್ದುಹೋಯಿತೇ ಎಂದು ಹಿಂದಿಯಲ್ಲಿ ಕೇಳಿದ.

ವಿಕ್ರಾಂತ್ ಈಗ ಇಲ್ಲ. 1997ರಲ್ಲಿ ಸೇವೆಯಿಂದ ತೆಗೆದರು, ಕೆಲವು ವರ್ಷ ಮುಂಬೈಯಲ್ಲಿ ಮ್ಯೂಸಿಯಂ ಆಗಿತ್ತು, 2014ರಲ್ಲಿ ಒಡೆಯಲು ಶುರುಮಾಡಿದರು. ಅದರ ಉಕ್ಕಿನಲ್ಲಿ ಸ್ವಲ್ಪವನ್ನು ಕರಗಿಸಿ 2016ರಲ್ಲಿ ಬಂದ ಬಜಾಜ್ ವಿ ಬೈಕಿನಲ್ಲಿ ಬಳಸಿದರು. ನಮ್ಮ ಬೀದಿಯ ಕೊನೆಯಲ್ಲಿ, ಪುಟ್ಟೇನಹಳ್ಳಿ ಕೆರೆಯ ಕಡೆ ತಿರುಗುವಲ್ಲಿ ಅಂಥದ್ದೊಂದು ನಿಂತಿರುತ್ತದೆ. ಬೆಳಿಗ್ಗೆ ಕೆರೆ ಸುತ್ತಲು ಹೋಗುವಾಗ ಅಂಕಲ್ ಅದರ ಹತ್ತಿರ ಒಂದು ಗಳಿಗೆ ನಿಲ್ಲುವುದನ್ನು ಮಾಳಿಗೆಯಿಂದ ಎಷ್ಟೋ ಸಲ ನೋಡಿದ್ದೆ. ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾರೆ ಅಂದುಕೊಂಡಿದ್ದೆ. ಈಗ ಕಾರಣ ಗೊತ್ತು.

ಥೀಸಿಸ್ಸಿನಲ್ಲೂ ಒಂದು ಕೆಲಸ ನಡೆಯುತ್ತಿದೆ. ಕಾರ್ಖಾನೆಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳನ್ನು ಹುಡುಕಿ ಹೋಗುತ್ತಿದ್ದೇನೆ. ಮೊದಲೆಲ್ಲ "ನಿಮ್ಮ ತಾತ ಯಾವ ವಿಮಾನದ ಕೆಲಸ ಮಾಡುತ್ತಿದ್ದರು?" ಎಂದು ಕೇಳುತ್ತಿದ್ದೆ. ಈಗ "ಮನೆಗೆ ಬಂದಾಗ ಅವರ ಬಟ್ಟೆಯಲ್ಲಿ ಏನು ವಾಸನೆ ಬರುತ್ತಿತ್ತು? ಮೈಯಲ್ಲಿ ಎಲ್ಲಿ ನೋಯುತ್ತಿತ್ತು?" ಎಂದೂ ಕೇಳುತ್ತೇನೆ. ಮೊದಲನೆಯ ಪ್ರಶ್ನೆಗೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಎರಡನೆಯದಕ್ಕೆ ಕುರ್ಚಿ ಎಳೆದು ಕೂರುತ್ತಾರೆ.

ವಿಮಾನ ಪೂರ್ತಿ ಒಣಗಿದ ಮೇಲೆ ಅದನ್ನು ಅಂಕಲ್‌ಗೇ ಕೊಡುವುದು ಎಂದಾಯಿತು. ಹೊಟ್ಟೆ ಕಾಣಲಿ ಎಂದು ಪುಟ್ಟೇನಹಳ್ಳಿ ಮುಖ್ಯರಸ್ತೆಯ ಗಾಜಿನ ಅಂಗಡಿಯಲ್ಲಿ ಅಂಗೈ ಎರಡರಷ್ಟು ಕನ್ನಡಿ ಕತ್ತರಿಸಿಕೊಂಡು ತಂದೆ. ಮಾದರಿ ಕಟ್ಟುವವರು ಮಾಡುವ ಉಪಾಯ ಅದು. ಕನ್ನಡಿಯ ಮೇಲೆ ನಿಲ್ಲಿಸಿದರೆ ಕೆಳಭಾಗ ಅದರಲ್ಲಿ ಕಾಣುತ್ತದೆ, ಯಾರೂ ಮುಟ್ಟಬೇಕಾಗಿಲ್ಲ. ಅಂಕಲ್ ಕನ್ನಡಿಯನ್ನು ಪಕ್ಕಕ್ಕಿಟ್ಟರು. ಎರಡೂ ಕೈಯಲ್ಲಿ ವಿಮಾನ ಎತ್ತಿ, ಮೇಲ್ಭಾಗ ನೋಡದೆ ನೇರ ಬೋರಲು ಹಾಕಿ, ನಡುಗುವ ಹೆಬ್ಬೆರಳಿನಿಂದ ಆ ಎಣ್ಣೆಯ ಗೆರೆಯನ್ನು ಒರೆಸುವಂತೆ ಒಮ್ಮೆ ಸವರಿದರು.

"ಕನ್ನಡಿ ಬೇಡಮ್ಮ. ನೋಡೋರು ಎತ್ತಿ ನೋಡ್ಲಿ."

"ಮುರಿದುಹೋದರೆ ಅಂಕಲ್? ಚಕ್ರದ ಕಾಲು ತುಂಬ ಸಪೂರ."

"ಮುರಿದ್ರೆ ಮುರೀಲಿ," ಅಂದರು. "ರಿಪೇರಿ ಮಾಡೋಣ. ನಾನು ಮಾಡ್ತಿದ್ದಿದ್ದು ಅದೇ ತಾನೆ."